ಬೇಲಿ ಇದ್ದರೂ ಕಯೋಟಿ ಒಳಗೆ ಬರುತ್ತಿದೆ: ದೋಷ ಹುಡುಕುವ ಕ್ರಮ, ಸರಿಪಡಿಸುವ ವಿಧಾನ

ಅಮೆರಿಕದಲ್ಲಿ ಊರಾಚೆ ಎರಡು ಮೂರು ಎಕರೆ ಜಾಗ, ಸುತ್ತ ಐದಡಿ ಬೇಲಿ, ಒಳಗೊಂದು ಸಣ್ಣ ನಾಯಿ, ಒಂದೆರಡು ಬೆಕ್ಕು, ನಾಲ್ಕು ಕೋಳಿ. ಇಷ್ಟಿದ್ದವರಿಗೆ ಇಂದಲ್ಲ ನಾಳೆ ಕಯೋಟಿಯ ಪರಿಚಯ ಆಗಿಯೇ ಆಗುತ್ತದೆ. ಹವಾಯಿ ಒಂದನ್ನು ಬಿಟ್ಟರೆ ಉಳಿದ 49 ರಾಜ್ಯಗಳಲ್ಲೂ ಇರುವ, ನಾಯಿ ಜಾತಿಯ ಕಾಡುಪ್ರಾಣಿ ಇದು. ನಮ್ಮೂರ ಗುಳ್ಳೆನರಿಗಿಂತ ಒಂದು ಕೈ ದೊಡ್ಡದು. 20ರಿಂದ 45 ಪೌಂಡ್ ತೂಗುತ್ತದೆ, ಪೂರ್ವದ ರಾಜ್ಯಗಳಲ್ಲಿ ಇನ್ನೂ ತುಸು ಹೆಚ್ಚು. ಹತ್ತುತ್ತದೆ, ಅಗೆಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮನೆಯವರ ದಿನಚರಿಯನ್ನು ಕಲಿಯುತ್ತದೆ.

ಈ ಕೈಪಿಡಿ ಹೊಸದಾಗಿ ಬೇಲಿ ಹಾಕಿಸುವವರಿಗಿಂತ, ಬೇಲಿಯೂ ಆಯಿತು, ಲೈಟೂ ಆಯಿತು, ಆದರೂ ಪ್ರಾಣಿ ಒಳಗೆ ಬರುತ್ತಿದೆ ಅನ್ನುವವರಿಗೆ. ಅಂಥ ಕಡೆಯೆಲ್ಲ ನಡೆಯುವುದು ಹೆಚ್ಚುಕಡಿಮೆ ಒಂದೇ: ಕಂಡಿ ಎಲ್ಲಿದೆ ಎಂದು ನೋಡದೆ ಇನ್ನೊಂದು ಸಾಧನ ಕೊಂಡು ತರುತ್ತಾರೆ. ಬೇಲಿಯ ಬುಡದಲ್ಲಿ ಕಂಡಿ ಇದ್ದರೆ ಅದರ ಮೇಲಂಚಿಗೆ ರೋಲರ್ (ಪಂಜ ಊರಿದರೆ ತಿರುಗಿ ಜಾರಿಸುವ ಕೊಳವೆ) ಕೂರಿಸಿ ಏನೂ ಪ್ರಯೋಜನವಿಲ್ಲ. ಆದ್ದರಿಂದ ಕೆಳಗಿನ ಕ್ರಮವನ್ನು ಮೇಲಿನಿಂದಲೇ ಅನುಸರಿಸಿ, ನಡುವೆ ಹಾರಬೇಡಿ.

ಪತ್ತೆ ಮುಗಿಯುವವರೆಗೆ

ಹುಡುಕಾಟಕ್ಕೆ ಐದಾರು ದಿನ ಬೇಕು. ಅಷ್ಟು ದಿನ ಬೆಕ್ಕು ಮನೆಯೊಳಗೇ ಇರಲಿ. ನಾಯಿಯನ್ನು ಕತ್ತಲಾದ ಮೇಲೆ ಮತ್ತು ಬೆಳಗಾಗುವ ಮುನ್ನ ಒಂಟಿಯಾಗಿ ಬಿಡಬೇಡಿ. ಹೊರಗೆ ಹೋಗಲೇಬೇಕಾದರೆ ಆರಡಿಯ ಸಾದಾ ಹಗ್ಗ ಹಿಡಿದು ಜೊತೆಗೆ ನಡೆಯಿರಿ. ಎಳೆದಷ್ಟೂ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಬೇಡ, ಹದಿನೈದು ಅಡಿ ಆಚೆ ಇರುವ ನಾಯಿಯನ್ನು ಸರಕ್ಕನೆ ಹತ್ತಿರಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಕೋಳಿಗಳನ್ನು ಕತ್ತಲಾಗುವ ಅರ್ಧ ಗಂಟೆ ಮುಂಚೆಯೇ ಗೂಡಿಗೆ ಸೇರಿಸಿ. ನಾಯಿಗೆಂದು ಬಾಗಿಲಿಗೆ ಕೂರಿಸಿದ ಸಣ್ಣ ಕಿಂಡಿಗೆ ರಾತ್ರಿ ಹಲಗೆ ಹಾಕಿ. ಈ ಕಿಂಡಿಯಿಂದ ಕಯೋಟಿ ಮನೆಯೊಳಗೇ ಬಂದದ್ದುಂಟು.

ಬಂದದ್ದು ಕಯೋಟಿಯೇ?

ಬೆಕ್ಕು ಕಾಣೆಯಾದರೆ ಕಯೋಟಿ, ಕೋಳಿ ಸತ್ತರೆ ಕಯೋಟಿ ಎಂದು ತೀರ್ಮಾನಿಸುವುದೇ ಮೊದಲ ದೋಷ. ರಕೂನ್ (ಮರ ಹತ್ತುವ, ಕೈಚಳಕದ ಸಣ್ಣ ಕಾಡುಪ್ರಾಣಿ) ಬರುವ ಗೂಡಿಗೆ ಆರಡಿ ಬೇಲಿ ಕಟ್ಟಿದರೆ ಅದು ಆರಾಮವಾಗಿ ಹತ್ತಿ ಇಳಿಯುತ್ತದೆ. ಹೆಜ್ಜೆ, ಮಲ, ಗಾಯ ಈ ಮೂರರಲ್ಲಿ ಎರಡಾದರೂ ಒಂದೇ ಕಡೆಗೆ ಬೆರಳು ತೋರಬೇಕು.

ಕಯೋಟಿಯ ಹೆಜ್ಜೆ ಸುಮಾರು 2½ ಇಂಚು ಉದ್ದ, 2 ಇಂಚು ಅಗಲದ ಅಂಡಾಕಾರ. ನಡುವಿನ ಎರಡು ಬೆರಳುಗಳ ಉಗುರುಗಳು ಒಂದರ ಕಡೆಗೊಂದು ವಾಲಿಕೊಂಡು ಹತ್ತಿರ ಹತ್ತಿರ ಮೂಡಿರುತ್ತವೆ. ಸಾಕುನಾಯಿಯ ಹೆಜ್ಜೆ ದುಂಡಗೆ, ಬೆರಳುಗಳು ಅಗಲಿಕೊಂಡಿರುತ್ತವೆ. ಒಂದು ಹೆಜ್ಜೆ ನೋಡಿ ಹೇಳುವುದು ಕಷ್ಟ. ಹತ್ತು ಹೆಜ್ಜೆಯ ಸಾಲು ನೋಡಿದರೆ ಸಂಶಯ ಉಳಿಯುವುದಿಲ್ಲ. ಕಯೋಟಿ ದಾರ ಎಳೆದ ಹಾಗೆ ನೇರವಾಗಿ ನಡೆದು ಹೋಗಿರುತ್ತದೆ, ಸಾಕುನಾಯಿ ಅಲ್ಲಿ ಮೂಸಿ ಇಲ್ಲಿ ಮೂಸಿ ಅಂಕುಡೊಂಕಾಗಿ ಓಡಾಡಿರುತ್ತದೆ. ಉಗುರಿನ ಗುರುತೇ ಇಲ್ಲದೆ 2 ಇಂಚಿನ ದುಂಡು ಹೆಜ್ಜೆ ಇದ್ದರೆ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು. ಅದೇ ರೀತಿಯದು 3 ಇಂಚು ಮೀರಿದ್ದರೆ ಪ್ಯೂಮಾ, ಬೆಕ್ಕಿನ ಜಾತಿಯ ದೊಡ್ಡ ಬೇಟೆಪ್ರಾಣಿ. ಪ್ಯೂಮಾ ಆದರೆ ಈ ಕೈಪಿಡಿ ಮುಚ್ಚಿಟ್ಟು ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಆರಡಿ ಬೇಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಕಯೋಟಿಯ ಮಲ ಹುರಿ ಹೊಸೆದಂತಿದ್ದು ತುದಿ ಚೂಪಾಗಿರುತ್ತದೆ, ಒಳಗೆ ಕೂದಲು, ಮೂಳೆಚೂರು, ಹಣ್ಣಿನ ಬೀಜ ಕಾಣುತ್ತವೆ. ಕಾಲುದಾರಿಯ ನಡುವೆ, ಗೇಟಿನ ಮುಂದೆ ಎದ್ದು ಕಾಣುವಂತೆ ಹಾಕಿರುತ್ತದೆ. ಅಂಗಡಿಯ ಆಹಾರ ತಿನ್ನುವ ನಾಯಿಯ ಮಲದಲ್ಲಿ ಇವ್ಯಾವೂ ಇರುವುದಿಲ್ಲ. ಕೋಲಿನಿಂದ ಬಿಡಿಸಿ ನೋಡಿ, ಕೈಯಿಂದ ಮುಟ್ಟಬೇಡಿ. ಮನುಷ್ಯರಿಗೆ ಹತ್ತುವ ಲಾಡಿಹುಳುವಿನ ಮೊಟ್ಟೆ ಅದರಲ್ಲಿರಬಹುದು.

ಇನ್ನು ಗಾಯ. ಆಡು, ಕುರಿಯಷ್ಟು ದೊಡ್ಡ ಪ್ರಾಣಿಯಾದರೆ ಕಯೋಟಿ ದವಡೆಯ ಹಿಂದೆ, ಗಂಟಲಿಗೆ ಹಿಡಿಯುತ್ತದೆ. ಮೇಲಿನ ಕೋರೆಹಲ್ಲುಗಳ ಗುರುತಿನ ನಡುವೆ 1⅛ರಿಂದ 1⅜ ಇಂಚು ಅಂತರ ಇರುತ್ತದೆ. ಹಿಂಗಾಲು, ಕಿವಿ, ಪಕ್ಕೆ ಎಲ್ಲೆಂದರಲ್ಲಿ ಹರಿದಿದ್ದು ಮಾಂಸ ತಿನ್ನದೇ ಬಿಟ್ಟಿದ್ದರೆ ಅದು ಬೀದಿಗೆ ಬಿಟ್ಟ ಸಾಕುನಾಯಿಗಳ ಕೆಲಸ. ಪಕ್ಕದ ಮನೆಯವರಿಗೆ ಹೇಳಲು ಮುಜುಗರವಾದರೂ ಸತ್ಯ ಅದೇ. ಬೆಕ್ಕು, ಕೋಳಿ, ಪುಟ್ಟ ನಾಯಿಯನ್ನು ಕಯೋಟಿ ಸಾಮಾನ್ಯವಾಗಿ ಕಚ್ಚಿಕೊಂಡೇ ಹೋಗುತ್ತದೆ. ಸಿಗುವುದು ಒಂದು ಹಿಡಿ ಕೂದಲು ಅಥವಾ ಗರಿ, ಬೇಲಿಯ ಕಡೆಗೆ ಎಳೆದ ಗುರುತು. ಕೋಳಿಯ ತಲೆ ಮಾತ್ರ ಜಾಲರಿಯ ಸಂದಿಯಿಂದ ಕಿತ್ತಿದ್ದರೆ ರಕೂನ್. ಎಳೆದ ಗುರುತಿಲ್ಲದೆ ತಲೆ, ಕತ್ತು ಮಾತ್ರ ತಿಂದು ಗರಿ ಹರಡಿದ್ದರೆ ದೊಡ್ಡ ಗೂಬೆ. ಹತ್ತು ಪೌಂಡಿನ ಬೆಕ್ಕನ್ನು ಗೂಬೆ ಹೊತ್ತೊಯ್ದಿತು ಎಂಬ ಮಾತು ಮಾತ್ರ ನಂಬುವಂಥದ್ದಲ್ಲ, ಗೂಬೆಯ ತೂಕವೇ ಮೂರು ನಾಲ್ಕು ಪೌಂಡು.

ಒಳಗೆ ಬಂದ ಜಾಗ ಹುಡುಕುವುದು

ಮೊದಲು ಹಗಲಲ್ಲಿ ಬೇಲಿಯ ಹೊರಗಡೆಯಿಂದ ಒಂದು ಸುತ್ತು ಬನ್ನಿ. ಒಳಗಿನಿಂದ ನೋಡಿದರೆ ಅರ್ಧ ದೋಷ ಕಾಣುವುದಿಲ್ಲ. ಪ್ರತಿ ಕಂಬದ ಬಳಿ ಕೂತು, ಜಾಲರಿಯ ಕೆಳಗಿನ ತಂತಿಯಲ್ಲಿ ಸಿಕ್ಕಿಕೊಂಡ ಕೂದಲು ಹುಡುಕಿ. ಕಯೋಟಿಯ ಬೆನ್ನಿನ ಕೂದಲು ಒಂದೇ ಬಣ್ಣದ್ದಲ್ಲ. ಬುಡ, ನಡು, ತುದಿ ಬೇರೆ ಬೇರೆ ಬಣ್ಣವಿದ್ದು ತುದಿ ಕಪ್ಪಗಿರುತ್ತದೆ. ಅದು ಸಿಕ್ಕಿದ ಕಡೆ ತಂತಿ ನಯವಾಗಿ ಹೊಳೆಯುತ್ತಿದ್ದರೆ, ಕೆಳಗಿನ ಮಣ್ಣು ಗಟ್ಟಿಯಾಗಿ ನುಣುಪಾಗಿದ್ದರೆ, ದಾರಿ ಸಿಕ್ಕಿತು ಎಂದೇ ಅರ್ಥ.

ಕೂದಲು ಸಿಗದಿದ್ದರೆ ಕಡ್ಡಿ ಪರೀಕ್ಷೆ. ಅನುಮಾನವಿರುವ ಪ್ರತಿ ಸಂದಿಯಲ್ಲಿ, ಗೇಟಿನ ಕೆಳಗೆ, ಮೋರಿಯ ಬಾಯಲ್ಲಿ, ಪೆನ್ಸಿಲ್‌ಗಿಂತ ತೆಳುವಾದ ಒಣಕಡ್ಡಿಗಳನ್ನು ಎರಡು ಇಂಚಿಗೊಂದರಂತೆ ನೆಟ್ಟಗೆ ಚುಚ್ಚಿ. ಗಾಳಿಗೆ ಬೀಳಬಾರದು, ಪ್ರಾಣಿ ತಗುಲಿದರೆ ಬೀಳಬೇಕು. ಬೆಳಿಗ್ಗೆ ನೋಡಿ, ಬಿದ್ದ ಕಡ್ಡಿ ಯಾವ ಕಡೆಗೆ ವಾಲಿದೆ ಎಂಬುದರಿಂದ ಅದು ಒಳಗೆ ಬಂದ ದಾರಿಯೋ ಹೊರಗೆ ಹೋದ ದಾರಿಯೋ ತಿಳಿಯುತ್ತದೆ. ಎರಡೂ ಒಂದೇ ಇರಬೇಕೆಂದಿಲ್ಲ. ಹೊರಗೆ ದಿನ್ನೆ ಇರುವ ಕಡೆ ಹಾರಿ ಬಂದು, ಹೋಗುವಾಗ ಗೇಟಿನ ಕೆಳಗೆ ನುಸುಳುವುದು ಮಾಮೂಲು. ಬೇಲಿಯ ಒಳಗಡೆ ಮೂರಡಿ ಅಗಲಕ್ಕೆ ಮರಳು ಹರಡಿ ಕುಂಟೆಯಿಂದ ಸಮ ಮಾಡಿದರೆ ಮೇಲಿನಿಂದ ಹಾರಿ ಇಳಿದ ಜಾಗವೂ ಗೊತ್ತಾಗುತ್ತದೆ: ಮುಂಗಾಲು ಎರಡೂ ಜೊತೆಯಾಗಿ ಆಳವಾಗಿ ಊರಿರುತ್ತವೆ.

ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದುಹೋದರೆ ತಾನೇ ಫೋಟೊ ತೆಗೆಯುವಂಥದ್ದು) ಇದ್ದರೆ ನೆಲದಿಂದ 18ರಿಂದ 24 ಇಂಚು ಎತ್ತರಕ್ಕೆ ಕಟ್ಟಿ, ಬೇಲಿಗೆ ಎದುರಾಗಿ ಅಲ್ಲ, ಬೇಲಿಯ ಉದ್ದಕ್ಕೆ ಓರೆಯಾಗಿ ತಿರುಗಿಸಿ. ಎದುರು ಕಟ್ಟಿದರೆ ಪ್ರಾಣಿ ಚೌಕಟ್ಟು ದಾಟಿ ಹೋದ ಮೇಲೆ ಫೋಟೊ ಬೀಳುತ್ತದೆ. ಮುಖ ಉತ್ತರಕ್ಕಿರಲಿ, ಬಿಸಿಲಿನ ತೊಂದರೆ ಇರುವುದಿಲ್ಲ. ಮುಂದಿನ ಹುಲ್ಲು ಕತ್ತರಿಸಿ. ರಾತ್ರಿಯಿಡೀ ಹುಲ್ಲಿನ ಫೋಟೊ ಬರುವುದಕ್ಕೆ ಅದೇ ಕಾರಣ. ಒಂದು ಸಲಕ್ಕೆ ಮೂರು ಫೋಟೊ ತೆಗೆಯುವಂತೆ ಇಡಿ, ಗಡಿಯಾರ ಸರಿ ಮಾಡಿ. ಬರುವ ಹೊತ್ತು ಗೊತ್ತಾಗುವುದು ಬರುವ ಜಾಗ ಗೊತ್ತಾದಷ್ಟೇ ಬೆಲೆಯುಳ್ಳದ್ದು.

ಬುಡದಿಂದ ನುಸುಳುತ್ತಿದ್ದರೆ

ಹೆಚ್ಚಿನ ಬೇಲಿಗಳು ಸೋಲುವುದು ಇಲ್ಲೇ. ಬೇಲಿ ಹಾಕಿದ ದಿನ ನೆಲಕ್ಕೆ ತಾಗಿದ್ದ ಜಾಲರಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಗ್ಗುಗಳ ಮೇಲೆ ಐದಾರು ಇಂಚು ಮೇಲೆದ್ದಿರುತ್ತದೆ. ಎಲ್ಲೂ 4 ಇಂಚಿಗಿಂತ ದೊಡ್ಡ ಸಂದಿ ಉಳಿಯಬಾರದು. ಜಾಲರಿಯ ಕಣ್ಣು ಕೂಡ 6 ಇಂಚು ಉದ್ದ, 4 ಇಂಚು ಅಗಲ ಮೀರಬಾರದು. ದನಕ್ಕೆಂದು ಹಾಕಿದ ದೊಡ್ಡ ಕಣ್ಣಿನ ಬೇಲಿ ಕಯೋಟಿಗೆ ಬಾಗಿಲು ಇದ್ದ ಹಾಗೇ.

ಅಗೆಯುವುದನ್ನು ತಡೆಯಲು ಗೋಡೆಯಂತೆ ಆಳಕ್ಕೆ ಹೂಳುವುದಕ್ಕಿಂತ, ಹೊರಗಡೆಗೆ ಜಾಲರಿಯ ಮಡಿಕೆ ಹಾಸುವುದು ಅಗ್ಗ ಮತ್ತು ಖಚಿತ. ಕಯೋಟಿ ಅಗೆಯುವುದು ಬೇಲಿಯ ಬುಡಕ್ಕೆ ಮೂತಿ ಒತ್ತಿಕೊಂಡು. ಕಾಲಡಿಯಲ್ಲೇ ತಂತಿ ಇದ್ದರೆ ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಉಪಾಯ ಅದಕ್ಕೆ ಸುಲಭಕ್ಕೆ ಹೊಳೆಯುವುದಿಲ್ಲ.

100 ಅಡಿ ಬೇಲಿಗೆ ಬೇಕಾದದ್ದು: 14 ಗೇಜಿನ, 2×4 ಇಂಚು ಕಣ್ಣಿನ, 3 ಅಡಿ ಅಗಲದ ಕಲಾಯಿ ವೆಲ್ಡ್ ಮೆಶ್ 100 ಅಡಿಯ ಒಂದು ಸುರುಳಿ, ಹಾಗ್ ರಿಂಗ್ (ಜಾಲರಿಗಳನ್ನು ಜೋಡಿಸುವ ತಂತಿಯ ಬಳೆ) 200, ನೆಲಕ್ಕೆ ಬಡಿಯುವ ಯು ಆಕಾರದ 6 ಇಂಚಿನ ಮೊಳೆ 100. ಮೆಶ್ಶನ್ನು ಉದ್ದುದ್ದಕ್ಕೆ ಎಲ್ ಆಕಾರಕ್ಕೆ ಮಡಿಸಿ. 1 ಅಡಿ ಬೇಲಿಯ ಮೇಲಕ್ಕೆ, 2 ಅಡಿ ಹೊರಗಿನ ನೆಲದ ಮೇಲೆ. ಮೇಲಿನ ಭಾಗವನ್ನು 6 ಇಂಚಿಗೊಂದು ಹಾಗ್ ರಿಂಗ್ ಹಾಕಿ ಬೇಲಿಗೆ ಬಿಗಿಯಿರಿ. ನೆಲದ ಭಾಗಕ್ಕೆ ಎರಡು ಸಾಲಿನಲ್ಲಿ, ಒಂದು ಸಾಲು ಬುಡದ ಹತ್ತಿರ, ಇನ್ನೊಂದು ಹೊರ ಅಂಚಿಗೆ, 2 ಅಡಿಗೊಂದರಂತೆ ಮೊಳೆ ಬಡಿಯಿರಿ. ತುಂಡುಗಳು ಸೇರುವ ಕಡೆ 6 ಇಂಚು ಒಂದರ ಮೇಲೊಂದು ಬರಬೇಕು. ಹುಲ್ಲು ಒಂದು ಬೇಸಗೆಯಲ್ಲಿ ಇದನ್ನು ನೆಲಕ್ಕೆ ಹೊಲಿದುಬಿಡುತ್ತದೆ. ಅಲ್ಲಿಯವರೆಗೆ ಹುಲ್ಲು ಕತ್ತರಿಸುವ ಯಂತ್ರ ಅಂಚಿಗೆ ಸಿಕ್ಕಿಕೊಳ್ಳದಂತೆ ಎರಡು ಇಂಚು ಮಣ್ಣು ಮುಚ್ಚಿ.

ಇಲ್ಲಿ ಕೆಡುವುದು ಎರಡು ಕಡೆ. ದುಡ್ಡು ಉಳಿಸಲು ಕೋಳಿ ಬಲೆಯ ತೆಳು ಷಟ್ಕೋನ ಜಾಲರಿ ಹಾಸುತ್ತಾರೆ, ಅದು ಮಣ್ಣಿನಲ್ಲಿ ಬೇಗ ತುಕ್ಕು ಹಿಡಿದು ಪುಡಿಯಾಗುತ್ತದೆ, ತುಕ್ಕು ಹಿಡಿಯುವ ಮೊದಲೇ ಹಲ್ಲಿಗೂ ಹರಿಯುತ್ತದೆ. ಎರಡನೆಯದು, ಮಡಿಕೆಯನ್ನು ಬೇಲಿಯ ಒಳಗಡೆಗೆ ಹಾಸುವುದು. ಅದರಿಂದ ನಿಮ್ಮ ನಾಯಿ ಹೊರಗೆ ಹೋಗದಂತೆ ಆಯಿತೇ ಹೊರತು ಕಯೋಟಿ ಒಳಗೆ ಬರುವುದು ನಿಲ್ಲಲಿಲ್ಲ.

ಗೇಟು, ಮೋರಿ

ಬೇಲಿಯವರು ಗೇಟನ್ನು ಸಲೀಸಾಗಿ ತಿರುಗಲಿ ಎಂದು ನೆಲದಿಂದ ಆರೇಳು ಇಂಚು ಮೇಲೆ ಬಿಟ್ಟಿರುತ್ತಾರೆ. ಗೇಟಿನ ಕೆಳಗೆ ಅಡ್ಡಲಾಗಿ 6×6 ಇಂಚಿನ, ಗೆದ್ದಲು ಹಿಡಿಯದಂತೆ ಸಂಸ್ಕರಿಸಿದ ದಿಮ್ಮಿಯನ್ನು ಅರ್ಧ ಹೂತು ಹೊಸ್ತಿಲು ಮಾಡಿ. ಅದರ ಮತ್ತು ಗೇಟಿನ ನಡುವೆ 2 ಇಂಚು ಸಾಕು. ಟ್ರಕ್ ಓಡಾಡುವ ಗೇಟಾದರೆ ಕಾಂಕ್ರೀಟ್ ಹೊಸ್ತಿಲೇ ಸರಿ. ಜೋಡಿ ಗೇಟಿನ ನಡುವಿನ ಸಂದಿ, ತಿರುಗಣಿ ಕಡೆಯ ಸಂದಿ ಎರಡನ್ನೂ ಅಳೆಯಿರಿ. ದೂರದಿಂದ ಚಲಾಯಿಸುವ ಗೇಟು ಮುಚ್ಚಲು ನಿಧಾನವಾಗಿದ್ದರೆ ಕ್ಯಾಮೆರಾದ ಹೊತ್ತಿಗೂ ನಿಮ್ಮ ಕಾರು ಬರುವ ಹೊತ್ತಿಗೂ ತಾಳೆ ನೋಡಿ.

ಬೇಲಿಯಡಿ ಹಾದುಹೋಗುವ ಮೋರಿಗೆ 4 ಇಂಚಿಗೊಂದರಂತೆ ನೆಟ್ಟಗೆ ಕಬ್ಬಿಣದ ಸರಳಿನ ಚೌಕಟ್ಟು ಮಾಡಿ, ಮೇಲ್ತುದಿಗೆ ತಿರುಗಣಿ ಹಾಕಿ ನೇತುಬಿಡಿ. ನೆರೆ ಬಂದಾಗ ತಾನೇ ಎದ್ದು ಕಸ ಬಿಟ್ಟುಕೊಡುತ್ತದೆ. ಬಿಗಿಯಾಗಿ ಕೂರಿಸಿದರೆ ಮೊದಲ ಜೋರು ಮಳೆಗೇ ಕಸ ಕಟ್ಟಿಕೊಂಡು ಬೇಲಿಯನ್ನೇ ಕಿತ್ತುಕೊಂಡು ಹೋಗುತ್ತದೆ.

ಮೇಲಿನಿಂದ ಬರುತ್ತಿದ್ದರೆ

ಕಯೋಟಿ ಎತ್ತರದ ಬೇಲಿಯನ್ನು ಜಿಂಕೆಯಂತೆ ಒಂದೇ ನೆಗೆತಕ್ಕೆ ದಾಟುವುದಿಲ್ಲ. ಹಾರಿ, ಮುಂಗಾಲನ್ನು ಮೇಲಂಚಿಗೆ ಸಿಕ್ಕಿಸಿ, ಹಿಂಗಾಲಿನಿಂದ ಜಾಲರಿ ತುಳಿದು ಮೇಲೇರುತ್ತದೆ. ಆ ಸಿಕ್ಕಿಸುವ ಹಿಡಿತವನ್ನು ತಪ್ಪಿಸುವುದೇ ಎಲ್ಲ ಉಪಾಯಗಳ ತಿರುಳು. ಬೇಲಿ ಕನಿಷ್ಠ 5½ ಅಡಿ, ಸಾಧ್ಯವಾದರೆ 6 ಅಡಿ ಇರಬೇಕು. ನಾಲ್ಕಡಿ ಬೇಲಿಗೆ ರೋಲರ್ ಹಾಕಿಸಿ ದೂರುವವರಿದ್ದಾರೆ. ನಾಲ್ಕಡಿಗೆ ಅದು ಅಂಚನ್ನು ಮುಟ್ಟುವುದೇ ಇಲ್ಲ, ರೋಲರ್ ತಿರುಗಲು ಅವಕಾಶವೇ ಇಲ್ಲ.

ಎತ್ತರ ಅಳೆಯುವಾಗ ಹೊರಗಿನ ನೆಲದಿಂದ ಅಳೆಯಿರಿ, ಅದೂ ಬೇಲಿಯಿಂದ ನಾಲ್ಕಡಿ ಆಚೆ ನಿಂತು. ಇಳಿಜಾರಿನ ಜಾಗದಲ್ಲಿ ಹೊರಗಿನ ನೆಲ ಎರಡಡಿ ಮೇಲಿದ್ದರೆ ನಿಮ್ಮ ಆರಡಿ ಬೇಲಿ ಅದರ ಪಾಲಿಗೆ ನಾಲ್ಕಡಿ. ಬೇಲಿಗೆ ಒರಗಿಸಿದ ಸೌದೆ ರಾಶಿ, ನೀರಿನ ತೊಟ್ಟಿ, ಹಳೆ ಟ್ರೇಲರ್, ಮಿನೆಸೋಟದಂಥ ಕಡೆ ಚಳಿಗಾಲದಲ್ಲಿ ಬೇಲಿಗೆ ಒತ್ತರಿಸಿದ ಹಿಮ, ಇವೆಲ್ಲ ಮೆಟ್ಟಿಲುಗಳೇ.

ರೋಲರ್ ಮನೆಯಲ್ಲೇ ಮಾಡಬಹುದು. 1 ಇಂಚಿನ ಪಿವಿಸಿ ಕೊಳವೆಯನ್ನು 3 ಇಂಚಿನ ಕೊಳವೆಯೊಳಗೆ ತೂರಿಸಿ, ಒಳಗೆ ಬಿಗಿ ತಂತಿ ಹಾಯಿಸಿ, ಬೇಲಿಯ ಮೇಲಂಚಿನಲ್ಲಿ ಹೊರಗಡೆಗೆ ಬರುವಂತೆ ಆಸರೆ ಪಟ್ಟಿಗಳ ಮೇಲೆ ಕೂರಿಸಿ. ಒಂದೊಂದು ತುಂಡು ನಾಲ್ಕೈದು ಅಡಿಗಿಂತ ಉದ್ದವಾದರೆ ನಡುವೆ ಜೋಲುಬಿದ್ದು ತಿರುಗುವುದಿಲ್ಲ. ಎರಡು ತುಂಡುಗಳ ನಡುವಿನ ಅಂತರ ಒಂದೆರಡು ಇಂಚು ಮೀರಿದರೆ ಪಂಜ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೈಯಿಂದ ತಳ್ಳಿ ನೋಡಿ: ಬೆರಳ ತುದಿ ತಗುಲಿದರೆ ಸಾಕು, ಎರಡು ಸುತ್ತು ತಿರುಗಬೇಕು. ಇನ್ನೊಂದು ದಾರಿ, ಮೇಲ್ತುದಿಯಲ್ಲಿ 15 ಇಂಚು ಅಗಲದ ಜಾಲರಿಯನ್ನು 45 ಡಿಗ್ರಿ ಓರೆಯಲ್ಲಿ ಹೊರಗೆ ಚಾಚುವುದು.

ಝಟ್ಕಾ ತಂತಿ ಕೆಲಸ ಮಾಡದಿದ್ದರೆ

ಇರುವ ಬೇಲಿಗೆ ಹೆಚ್ಚುವರಿಯಾಗಿ, ನೆಲದಿಂದ 8 ಇಂಚು ಎತ್ತರಕ್ಕೆ, ಬೇಲಿಯಿಂದ 8 ಇಂಚು ಹೊರಗೆ ಮುಟ್ಟಿದರೆ ಶಾಕ್ ಹೊಡೆಯುವ ಒಂದು ಝಟ್ಕಾ ತಂತಿ, ಮೇಲಂಚಿನಲ್ಲಿ ಇನ್ನೊಂದು. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಒಳ್ಳೆಯ ತಡೆ ಇಲ್ಲ. ಆದರೆ ಸದ್ದಿಲ್ಲದೆ ಕೆಡುವುದೂ ಇದೇ. ಯಂತ್ರದ ದೀಪ ಮಿನುಗುತ್ತಿರುತ್ತದೆ, ಟಕ್ ಟಕ್ ಸದ್ದೂ ಬರುತ್ತಿರುತ್ತದೆ, ತಂತಿಯಲ್ಲಿ ಮಾತ್ರ ಏನೂ ಇರುವುದಿಲ್ಲ.

ಒಂದು ಎಚ್ಚರಿಕೆ: ಊರಿನಲ್ಲಿ ಕಾಡುಹಂದಿಗೆಂದು ಲೈನಿನಿಂದ ನೇರ ಕರೆಂಟ್ ಕೊಡುವ ಕೆಟ್ಟ ಚಾಳಿ ಕಂಡವರಿದ್ದಾರೆ. ಅದು ಕೊಲೆಗೆ ಸಮ. ಆನೆ, ದನ, ಮನುಷ್ಯರು ಸಾಯುವುದು ಅದರಿಂದಲೇ. ಇಲ್ಲಿ ಹೇಳುತ್ತಿರುವುದು ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಮಿಡಿತ ಕೊಡುವ ಎನರ್ಜೈಸರ್ ಯಂತ್ರದ ಬಗ್ಗೆ ಮಾತ್ರ. ಒಂದೇ ತಂತಿಗೆ ಎರಡು ಎನರ್ಜೈಸರ್ ಜೋಡಿಸಬೇಡಿ, ಮುಳ್ಳುತಂತಿಗೆ ಎಂದೂ ಕೊಡಬೇಡಿ. ಮನೆಬಳಕೆಯ ಮಲ್ಟಿಮೀಟರ್‌ನಿಂದ ಅಳೆಯಲು ಹೋದರೆ ಅದು ಸುಟ್ಟುಹೋಗುತ್ತದೆ. ಬೇಲಿಗೆಂದೇ ಇರುವ ಡಿಜಿಟಲ್ ವೋಲ್ಟ್‌ಮೀಟರ್ ಬೇಕು.

1. ಎನರ್ಜೈಸರ್ ಆಫ್ ಮಾಡಿ, ಬೇಲಿಗೆ ಹೋಗುವ ತಂತಿ ಬಿಚ್ಚಿ, ಯಂತ್ರವನ್ನು ಮತ್ತೆ ಆನ್ ಮಾಡಿ, ಅದರ ಎರಡು ತುದಿಗಳ ನಡುವೆ ಅಳೆಯಿರಿ. ಯಂತ್ರದ ಮೇಲೆ ಬರೆದಷ್ಟು, ಸಾಮಾನ್ಯವಾಗಿ 7,000 ವೋಲ್ಟ್ ಮೇಲೆ, ಬರಬೇಕು. ಬರದಿದ್ದರೆ ದೋಷ ಯಂತ್ರದಲ್ಲೋ ಬ್ಯಾಟರಿಯಲ್ಲೋ ಇದೆ. 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿದ್ದಾಗ 12.6 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಅಂದರೆ ಸೋಲಾರ್ ಫಲಕದ ಮೇಲೆ ಧೂಳು, ಮರದ ನೆರಳು ಇದೆಯೇ ನೋಡಿ.

2. ತಂತಿ ಮತ್ತೆ ಜೋಡಿಸಿ, ಬೇಲಿಯ ಕಟ್ಟಕಡೆಯ ತುದಿಯಲ್ಲಿ ಅಳೆಯಿರಿ. ಕಯೋಟಿಯ ತುಪ್ಪಳ ದಪ್ಪ, 4,000ಕ್ಕಿಂತ ಕೆಳಗಿದ್ದರೆ ಅದಕ್ಕೆ ಪಾಠವಾಗುವುದಿಲ್ಲ. 5,000 ಮೇಲಿದ್ದರೆ ನೆಮ್ಮದಿ.

3. ಕಡಿಮೆ ಇದ್ದರೆ ಮೊದಲು ಅರ್ತಿಂಗ್ ಪರೀಕ್ಷಿಸಿ. ಎನರ್ಜೈಸರ್ ಆಫ್ ಮಾಡಿ, ಅದರಿಂದ 300 ಅಡಿ ಆಚೆ ಮೂರು ನಾಲ್ಕು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಚುಚ್ಚಿ ತಂತಿಗೆ ಒರಗಿಸಿ. ಆನ್ ಮಾಡಿದಾಗ ವೋಲ್ಟೇಜ್ 2,000ಕ್ಕಿಂತ ಕೆಳಗೆ ಬೀಳಬೇಕು. ಬೀಳದಿದ್ದರೆ ಇನ್ನೆರಡು ಸರಳು ಸೇರಿಸಿ. ಈಗ ಕೊನೆಯ ಅರ್ತ್ ರಾಡಿಗೂ, ಅದರಿಂದ ಮೂರಡಿ ದೂರ ನೆಲಕ್ಕೆ ಚುಚ್ಚಿದ ಬೇರೊಂದು ಸರಳಿಗೂ ನಡುವೆ ಅಳೆಯಿರಿ. 300 ವೋಲ್ಟ್ ದಾಟಿದರೆ ಅರ್ತಿಂಗ್ ಸಾಲದು.

4. ಅರ್ತಿಂಗ್ ಸರಿಯಿದ್ದರೆ ಸೋರಿಕೆ ಬೇಲಿಯಲ್ಲಿದೆ. ಪ್ರತಿ ವಿಭಾಗದ ಸ್ವಿಚ್ ಒಂದೊಂದಾಗಿ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ವೋಲ್ಟೇಜ್ ಥಟ್ಟನೆ ಏರುತ್ತದೋ ಆ ವಿಭಾಗದ ಉದ್ದಕ್ಕೂ ನಡೆಯಿರಿ. ಎಎಂ ಪಟ್ಟಿಯಲ್ಲಿ ನಿಲ್ದಾಣವಿಲ್ಲದ ಕಡೆ ಇಟ್ಟ ಹಳೆ ಟ್ರಾನ್ಸಿಸ್ಟರ್ ಕೈಯಲ್ಲಿರಲಿ, ಸೋರುವ ಜಾಗದ ಬಳಿ ಟಿಕ್ ಟಿಕ್ ಜೋರಾಗುತ್ತದೆ. ಕತ್ತಲಲ್ಲಿ ಹೋದರೆ ಬಿರುಕುಬಿಟ್ಟ ಇನ್ಸುಲೇಟರ್‌ನಲ್ಲಿ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ.

ಅರ್ತ್ ರಾಡಿನ ಲೆಕ್ಕ ಸುಲಭ: ಎನರ್ಜೈಸರ್‌ನ ಪ್ರತಿ ಜೂಲ್‌ಗೆ (ಅದರ ಮಿಡಿತದ ಶಕ್ತಿಯ ಅಳತೆ) ಮೂರಡಿ ರಾಡು. 6 ಜೂಲ್ ಯಂತ್ರಕ್ಕೆ 18 ಅಡಿ, ಅಂದರೆ 6 ಅಡಿಯ ಮೂರು ಕಲಾಯಿ ರಾಡು, ಒಂದಕ್ಕೊಂದು 10 ಅಡಿ ದೂರ. ಯಂತ್ರ ಎಷ್ಟೇ ಚಿಕ್ಕದಾದರೂ ಮೂರಕ್ಕಿಂತ ಕಡಿಮೆ ಬೇಡ. ಮನೆಯ ವಿದ್ಯುತ್ ಅರ್ತಿಂಗ್ ಮತ್ತು ನೀರಿನ ಕೊಳವೆಯಿಂದ 50 ಅಡಿ ಆಚೆ ಹಾಕಿ. ಕಲಾಯಿ ತಂತಿಗೆ ತಾಮ್ರ ಬೆರೆಸಿದರೆ ಜೋಡಣೆ ಸವೆದು ಹೋಗುತ್ತದೆ. ಟೆಕ್ಸಸ್, ಅರಿಜೋನಾದ ಬೇಸಗೆಯಲ್ಲಿ ನೆಲ ಒಣಗಿದಾಗ ಎಷ್ಟು ರಾಡು ಹಾಕಿದರೂ ಸಾಲದೆನಿಸಬಹುದು; ಆಗ ಒಂದು ತಂತಿ ಝಟ್ಕಾ, ಅದರ ಪಕ್ಕದ್ದು ಅರ್ತಿಗೆ ಜೋಡಿಸಿದ್ದು ಎಂಬಂತೆ ಸಾಲಾಗಿ ಕಟ್ಟಿದರೆ ಪ್ರಾಣಿ ಎರಡನ್ನೂ ಮುಟ್ಟಿದಾಗ ನೆಲದ ಹಂಗಿಲ್ಲದೆ ಹೊಡೆಯುತ್ತದೆ. ಒಣ ಹಿಮಕ್ಕೂ ಇದೇ ಮದ್ದು.

ಮಾಮೂಲಿ ಅಪರಾಧಿಗಳು: ತಂತಿಗೆ ತಾಗಿದ ಹಸಿ ಹುಲ್ಲು, ಮತ್ತು ಗೇಟಿನಡಿ ಹೂತ ಮನೆ ವೈರಿಂಗಿನ ಕೇಬಲ್. ಆ ಕೇಬಲ್ ತಡೆಯುವುದು 600 ವೋಲ್ಟ್ ಮಾತ್ರ, ಸಾವಿರಾರು ವೋಲ್ಟನ್ನು ಮಣ್ಣಿಗೆ ಸೋರಿಸುತ್ತದೆ. 20,000 ವೋಲ್ಟ್ ತಾಳುವ ಇಮ್ಮಡಿ ಹೊದಿಕೆಯ ಕೇಬಲ್ಲೇ ಬೇಕು.

ಬೇಲಿಯಲ್ಲಿ ದೋಷವಿಲ್ಲ, ನಾಯಿಗೆ ಗಾಯ ಮಾತ್ರ ಆಗುತ್ತಿದೆ

ನೆಲದೊಳಗೆ ತಂತಿ ಹೂತು, ನಾಯಿಯ ಕೊರಳಪಟ್ಟಿಗೆ ಶಾಕ್ ಕೊಡುವ ಕಾಣದ ಬೇಲಿ ಇದ್ದರೆ ಉತ್ತರ ಅಲ್ಲೇ ಇದೆ. ಕಯೋಟಿಗೆ ಕೊರಳಪಟ್ಟಿ ಇಲ್ಲ. ನಾಯಿ ಮಾತ್ರ ಒಳಗೆ ಬಂದಿ. ಓಡಿಹೋಗುವ ದಾರಿಯೂ ಅದಕ್ಕೆ ಮುಚ್ಚಿರುತ್ತದೆ. ಇದನ್ನು ಸರಿಪಡಿಸುವುದೆಂಬುದಿಲ್ಲ. ಮನೆಗೆ ತಾಗಿ 20×30 ಅಡಿಯಷ್ಟಾದರೂ ನಿಜವಾದ ಬೇಲಿಯ ಅಂಗಳ ಮಾಡಿ. ಇಡೀ ಮೂರು ಎಕರೆಯನ್ನು ಭದ್ರ ಮಾಡುವುದಕ್ಕಿಂತ ಇಂಥ ಚಿಕ್ಕ ಅಂಗಳವನ್ನು ಪಕ್ಕಾ ಮಾಡುವುದು ಎಲ್ಲರಿಗೂ ಹೇಳಬೇಕಾದ ಮಾತು.

ಕಾಲವನ್ನೂ ನೋಡಿ. ಜನವರಿಯಿಂದ ಮಾರ್ಚ್ ಕಯೋಟಿಗಳು ಕೂಡುವ ಕಾಲ, ಸುಮಾರು 63 ದಿನಕ್ಕೆ ಮರಿ, ಅಂದರೆ ಏಪ್ರಿಲ್, ಮೇ. ಆಗಿನಿಂದ ಬೇಸಗೆಯವರೆಗೆ ಬಿಲದ ಹತ್ತಿರ ಬಂದ ದೊಡ್ಡ ನಾಯಿಯನ್ನೂ ಅವು ಬಿಡುವುದಿಲ್ಲ, ತಿನ್ನಲಿಕ್ಕಲ್ಲ, ಓಡಿಸಲಿಕ್ಕೆ. ಕಯೋಟಿ ನಿಮ್ಮ ಹಿಂದೆಯೇ ಅಂತರ ಬಿಟ್ಟು ನಡೆದು ಬರುತ್ತಿದ್ದರೆ ಅದು ಗಡಿ ದಾಟಿಸುತ್ತಿದೆ ಎಂದರ್ಥ. ಅಂಥಲ್ಲಿ ಕೂಗಾಡದೆ ನಾಯಿಯನ್ನು ಹತ್ತಿರ ಎಳೆದುಕೊಂಡು ಬಂದ ದಾರಿಯಲ್ಲಿ ಹಿಂದಿರುಗಿ, ಆ ದಾರಿಯನ್ನು ಬೇಸಗೆ ಮುಗಿಯುವವರೆಗೆ ಬಿಡಿ. ಮರಿಗಳಿಗೆ ಆಹಾರ ಹುಡುಕಲು ಹಗಲಲ್ಲೂ ಓಡಾಡುತ್ತವೆ. ಹಗಲಲ್ಲಿ ಕಂಡ ಮಾತ್ರಕ್ಕೆ ಹುಚ್ಚು ಹಿಡಿದಿದೆ ಎನ್ನುವಂತಿಲ್ಲ. ತೂರಾಡುವ ನಡೆ, ಜೊಲ್ಲು, ಯಾವುದಕ್ಕೂ ಬೆದರದಿರುವುದು ಕಂಡರೆ ಮಾತ್ರ ಇಲಾಖೆಗೆ ತಿಳಿಸಿ.

ಬೆಳಕು, ಸದ್ದು ಮೊದಲು ಕೆಲಸ ಮಾಡಿ ಈಗ ಮಾಡದಿದ್ದರೆ

ಅಭ್ಯಾಸವಾಗಿದೆ, ಅಷ್ಟೇ. ಒಂದೇ ಜಾಗದಲ್ಲಿ ಒಂದೇ ಲಯದಲ್ಲಿ ಮಿನುಗುವ ಕೆಂಪು ದೀಪ ಏನೂ ಮಾಡುವುದಿಲ್ಲ ಎಂಬುದನ್ನು ಕಯೋಟಿ ಕೆಲವೇ ವಾರಗಳಲ್ಲಿ ಕಲಿಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸಿ. ಚಲನೆ ಕಂಡಾಗ ಮಾತ್ರ ಹತ್ತುವಂತೆ ಇಡಿ. ನೀರು ಚಿಮ್ಮುವ ಸಾಧನ ದೀಪಕ್ಕಿಂತ ಹೆಚ್ಚು ಕಾಲ ನಡೆಯುತ್ತದೆ, ಅದರಿಂದ ನಿಜವಾಗಿಯೂ ಏನೋ ಮೈಗೆ ತಗುಲುತ್ತದೆ. ತೋಳದ ಮೂತ್ರದ ಸೀಸೆಗಳಿಗೆ ದುಡ್ಡು ಹಾಕಬೇಡಿ.

ಎದುರಾಎದುರು ಕಂಡರೆ: ಚಿಲ್ಲರೆ ತುಂಬಿದ ಡಬ್ಬ ಕುಲುಕಿ, ಹಾರ್ನ್ ಒತ್ತಿ, ಕೈ ಮೇಲೆತ್ತಿ ಅದರ ಕಡೆಗೇ ನಡೆಯಿರಿ. ಇಪ್ಪತ್ತಡಿ ಹೋಗಿ ನಿಂತು ತಿರುಗಿ ನೋಡುತ್ತದೆ. ಬಹಳ ಜನ ಅಲ್ಲಿಗೇ ಬಿಟ್ಟು ಒಳಗೆ ಬರುತ್ತಾರೆ. ಅಲ್ಲಿ ಬಿಟ್ಟರೆ ಅದು ಕಲಿಯುವುದು ಇಪ್ಪತ್ತಡಿ ಸರಿದರೆ ಸಾಕು ಎಂದು. ಕಣ್ಮರೆಯಾಗುವವರೆಗೂ ಬೆನ್ನುಬಿಡಬೇಡಿ, ನೀವೇ ಬೆನ್ನು ತೋರಿಸಿ ಓಡಬೇಡಿ.

ಅಷ್ಟಕ್ಕೂ ಏಕೆ ಬರುತ್ತಿದೆ?

ಷಿಕಾಗೋ ಸುತ್ತಲಿನ ಕುಕ್ ಕೌಂಟಿಯಲ್ಲಿ 2000ದಿಂದ ನಡೆಯುತ್ತಿರುವ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಮಲದ ಮಾದರಿ ಬಿಡಿಸಿ ನೋಡಿದಾಗ ಬೆಕ್ಕು ಸಿಕ್ಕಿದ್ದು 1.3 ಶೇಕಡಾದಲ್ಲಿ, ಇಲಿಯಂಥ ಸಣ್ಣ ದಂಶಕಗಳು 42 ಶೇಕಡಾದಲ್ಲಿ, ಹಣ್ಣು 23 ಶೇಕಡಾದಲ್ಲಿ. ಎಂದರೆ ನಿಮ್ಮ ಅಂಗಳಕ್ಕೆ ಅದು ಬರುವುದು ಹೆಚ್ಚಾಗಿ ಇಲಿಗೆ, ಹಣ್ಣಿಗೆ. ಬೆಕ್ಕು ಕಣ್ಣಿಗೆ ಬಿದ್ದದ್ದು ಆಮೇಲೆ. ಹಕ್ಕಿಗೆ ತೂಗುಹಾಕಿದ ಕಾಳು ಕೆಳಗುದುರಿ ಇಲಿ ಸಾಕುತ್ತದೆ. ಉದುರಿದ ಅಂಜೂರ, ಸೇಬು, ಹಿಪ್ಪುನೇರಳೆಯನ್ನು ದಿನವೂ ಆರಿಸಿ. ನಾಯಿಯ ಊಟದ ತಟ್ಟೆ ಕತ್ತಲಿಗೆ ಮುಂಚೆ ಒಳಗೆ ಬರಲಿ. ತಿಥಿಯ ದಿನ ಕಾಗೆಗೆಂದು ಹಿತ್ತಲಲ್ಲಿ ಅನ್ನ, ವಡೆ ಇಡುವ ಮನೆಗಳಲ್ಲಿ ಸಂಜೆಯೊಳಗೆ ಎಲೆ ಎತ್ತಿಬಿಡಿ. ಅಮೆರಿಕದ ಕಾಗೆ ಆ ಹೊತ್ತಿಗೆ ಬಂದೇ ಬರುತ್ತದೆಂಬ ಭರವಸೆ ಇಲ್ಲ, ಕಯೋಟಿಗೆ ಆ ಹಂಗಿಲ್ಲ.

ಕಾವಲು ಪ್ರಾಣಿ, ಕೋವಿ

ಗ್ರೇಟ್ ಪಿರೆನೀಸ್, ಅನಟೋಲಿಯನ್‌ನಂಥ ಕಾವಲು ನಾಯಿಗಳು ನಿಜಕ್ಕೂ ಕೆಲಸ ಮಾಡುತ್ತವೆ, ಆದರೆ ಪಳಗಲು ಎರಡು ವರ್ಷ ಬೇಕು, ರಾತ್ರಿಯಿಡೀ ಬೊಗಳುತ್ತವೆ. ಎರಡು ಎಕರೆಯಲ್ಲಿ ಸಾಕಿದರೆ ಮೊದಲು ಕೆಡುವುದು ನೆರೆಹೊರೆಯ ಸಂಬಂಧ.

ಗುಂಡು ಹೊಡೆಯುವ ನಿಯಮ ರಾಜ್ಯಕ್ಕೊಂದು, ಕೌಂಟಿಗೊಂದು. ಹಿಡಿದು ಬೇರೆಡೆ ಬಿಡುವುದು ಅನೇಕ ಕಡೆ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದ ಸಂಶೋಧಕರು 1975ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ವರ್ಷಕ್ಕೆ ಮುಕ್ಕಾಲು ಪಾಲು ಕಯೋಟಿಗಳನ್ನು ಕೊಂದರೂ ಅವು ಇಲ್ಲವಾಗಲು 50 ವರ್ಷ ಮೀರುತ್ತದೆ. ಒಂದನ್ನು ಕೊಂದರೆ ಖಾಲಿಯಾದ ಗಡಿಯೊಳಗೆ ಇನ್ನೊಂದು ಬರುತ್ತದೆ. ಬೇಲಿಯ ಕಂಡಿ ಅದಕ್ಕೂ ಅಷ್ಟೇ ಸಲೀಸು.

ಕಚ್ಚಿದ್ದರೆ

ಹೊರಗೆ ಎರಡು ಚಿಕ್ಕ ರಂಧ್ರ ಮಾತ್ರ ಕಂಡರೂ ಅದೇ ದಿನ ಪಶುವೈದ್ಯರ ಬಳಿ ಹೋಗಿ. ಕಯೋಟಿ ಕಚ್ಚಿ ಕುಲುಕುತ್ತದೆ, ಚರ್ಮದಡಿಯ ಮಾಂಸ ಹರಿದಿರುವುದು ಹೊರಗಿನಿಂದ ತಿಳಿಯುವುದಿಲ್ಲ. ತುಪ್ಪಳದ ಮೇಲೆ ಜೊಲ್ಲು ಇರುತ್ತದೆ, ಕೈಗವಸು ಹಾಕಿಕೊಂಡೇ ಎತ್ತಿ. ಕಯೋಟಿ ಪರೀಕ್ಷೆಗೆ ಸಿಗದಿದ್ದರೆ ಹುಚ್ಚುನಾಯಿ ರೋಗದ ಸಂಪರ್ಕ ಆಗಿದೆ ಎಂದೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಲಸಿಕೆ ಆಗಿರುವ ನಾಯಿ, ಬೆಕ್ಕಿಗೆ ತಕ್ಷಣ ಇನ್ನೊಂದು ಚುಚ್ಚುಮದ್ದು ಮತ್ತು 45 ದಿನ ಮನೆಯಲ್ಲೇ ನಿಗಾ. ಲಸಿಕೆಯೇ ಆಗಿಲ್ಲದಿದ್ದರೆ ನಾಲ್ಕು ತಿಂಗಳು ಕಟ್ಟುನಿಟ್ಟಿನ ಪ್ರತ್ಯೇಕ ವಾಸ ಅಥವಾ ದಯಾಮರಣ. ಲಸಿಕೆಯ ಕಾಗದದ ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ, ಕೇಳುವುದು ಅದನ್ನೇ ಮೊದಲು.